ಪಡಸಾಲೆಯ ಪಾರ್ಲಿಮೆಂಟು

ಭಾರತದ ಸಂವಿಧಾನ ಇಡೀ ದೇಶಕ್ಕೆ ಅನ್ವಯಿಸುತ್ತದೆ ಎಂದು ನೀವು ನಂಬಿದ್ದರೆ ಮೋಸ ಹೋಗಿದ್ದೀರಿ! ಅದು ಅಕ್ಷರಶಃ, ಪಲ್ಯ ಚಟ್ನಿ ಸಮೇತ ಅನ್ವಯವಾಗುವುದು ಜತ್ತ ತಾಲ್ಲೂಕಿನ ಬೆಳುಂಕಿಯ ನಮ್ಮ ಮನೆಗೆ ಮಾತ್ರ. ಇದಕ್ಕೆಲ್ಲ ಕಾರಣ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ನಾಗರಿಕಶಾಸ್ತ್ರ ಕಲಿಸಿ ನಿವೃತ್ತರಾದರು. ಶಾಲೆ ಅವರನ್ನು ಬಿಟ್ಟಿತು, ಅವರು ಪಾಠ ಬಿಡಲಿಲ್ಲ. ಹೊಸ ವಿದ್ಯಾರ್ಥಿಗಳು ಎಲ್ಲಿ ಸಿಗಬೇಕು? ನಾವೇ ಸಿಕ್ಕೆವು!

ಒಮ್ಮೆ ಬೀದಿದೀಪ ಕೆಟ್ಟಿತೆಂದು ಅರ್ಜಿ ಕೊಡಲು ಪಂಚಾಯ್ತಿಗೆ ಹೋದರು. ನಾನೂ ಜೊತೆಗಿದ್ದೆ. ಅಲ್ಲಿದ್ದ ಗುಮಾಸ್ತ ಪಾಪ, ಒಳ್ಳೆಯ ಮನುಷ್ಯ.

"ಬರ್ರಿ ಗುರುಗಳ, ಕುಂದ್ರಿ. ಚಹಾ ತರಸ್ತೀನಿ," ಎಂದ.

"ಚಹಾ ಆಮ್ಯಾಲ. ಮೊದಲ ಅರ್ಜಿ ಮುಟ್ಟೇತಿ ಅಂತ ಪೋಚ್ ಬರದ ಕೊಡ್ರಿ."

ಅವನು ಪೋಚ್, ಅಂದರೆ ರಸೀದಿ, ಬರೆದುಕೊಟ್ಟ. ಕಾಕಾ ಚಹಾ ಕುಡಿದರು, ಕಿಸೆಯಿಂದ ಕಾಗದ ತೆಗೆದು "ಒಂದು ಕಪ್ ಚಹಾ ಮುಟ್ಟಿದೆ" ಎಂದು ಬರೆದು, ಸಹಿ ಹಾಕಿ ಅವನ ಕೈಗಿತ್ತರು!

ಪಕ್ಕದ ಮನೆಯ ಟಗರಿನ ಕಥೆಯಂತೂ ಕೇಳಲೇಬೇಡಿ. ಅದು ನಮ್ಮ ಒಣಹಾಕಿದ ಸಂಡಿಗೆ ತಿಂದಿತ್ತು. ಅಪ್ಪ ಬಡಿಗೆ ಎತ್ತಿದರು.

"ಅಣ್ಣಾ, ತಡಿ! ವಿಚಾರಣಿ ಇಲ್ಲದ ಶಿಕ್ಷಾ ಇಲ್ಲ. ಅದರ ಮಾತೂ ಕೇಳಬೇಕು," ಎಂದು ಕಾಕಾ ಅಡ್ಡ ನಿಂತರು. ಕಂಬಕ್ಕೆ ಕಟ್ಟಿ, ರಜಿಸ್ಟರ್ ತೆರೆದು, ಆರೋಪ ಓದಿದರು. ಟಗರು "ಬ್ಯಾ" ಎಂದಿತು. "ಆರೋಪ ಒಪ್ಪಿಲ್ಲ" ಎಂದು ಬರೆದುಕೊಂಡರು. ಸಾಕ್ಷಿ ಹುಡುಕಲು ಅತ್ತ ತಿರುಗಿದ್ದೇ ತಡ, ಆರೋಪಿ ರಜಿಸ್ಟರಿನ ಆ ಹಾಳೆಯನ್ನೇ ತಿಂದು ಮುಗಿಸಿತು. ದಾಖಲೆ ಇಲ್ಲವೆಂದು ಬಿಡುಗಡೆಯಾಯಿತು!

ಇನ್ನು ರವಿವಾರದ ಮನೆಸಭೆ. ಕಾಕಾ ಅಧ್ಯಕ್ಷರು. ಅಪ್ಪನಿಂದ ಹಿಡಿದು ನನ್ನವರೆಗೆ ಆರು ಮಂದಿ ಸದಸ್ಯರು ಪಡಸಾಲೆಯಲ್ಲಿ ಕುಳಿತು ವಾರದ ಪಲ್ಯದಿಂದ ಹಿಡಿದು ಮನೆಗೆ ಬಳಿಯುವ ಬಣ್ಣದವರೆಗೆ ಕೈ ಎತ್ತಿ ತೀರ್ಮಾನಿಸಬೇಕು. ಕಾಕಾರಿಗೆ ಹಾಗಲಕಾಯಿ ಎಂದರೆ ಪ್ರಾಣ. ಪ್ರತಿ ವಾರ ಸೋಲುತ್ತಿದ್ದರು. "ಬಹುಮತ ಅಂದ್ರ ಬಹುಮತ," ಎಂದು ಬದನೆಕಾಯಿಯನ್ನು ಗಂಭೀರವಾಗಿ ತಿನ್ನುತ್ತಿದ್ದರು. ಅಡುಗೆಮನೆಯಲ್ಲಿ ಅವರ ಹೆಂಡತಿ, ನಮ್ಮ ಚಿಗವ್ವ, ಅದೇ ಹೊತ್ತಿಗೆ ರೊಟ್ಟಿ ತಟ್ಟುತ್ತಿರುತ್ತಿದ್ದಳು. ಎರಡೂ ಕೈ ಹಿಟ್ಟಿನಲ್ಲಿ. ಎತ್ತುವುದೆಲ್ಲಿಂದ? ಅವಳನ್ನು ಯಾರೂ ಎಣಿಸುತ್ತಿರಲಿಲ್ಲ. ಎಣಿಸಬೇಕೆಂದು ನಮಗೆ ಹೊಳೆದೂ ಇರಲಿಲ್ಲ.

ಒಂದು ರವಿವಾರ ಅವಳೇ ಬಾಗಿಲಿಗೆ ಬಂದು ನಿಂತಳು. "ಓಣಿ ಹೆಣ್ಣಮಕ್ಕಳು ದಾನಮ್ಮದೇವಿ ದರ್ಶನಕ್ಕ ನಡಕೋತ ಗುಡ್ಡಾಪುರಕ್ಕ ಹೊಂಟಾರ. ರಾತ್ರಿ ವಸ್ತಿ ಸೇರಿ ಮೂರ ದಿನ. ನಾನೂ ಹೋಗ್ಲೇನು? ಮದಿವ್ಯಾದಾಗಿಂದ ಆಸೆ ಐತಿ."

ಮೂರು ದಿನ! ಅವ್ವನಿಗೆ ಮೊಣಕಾಲು ನೋವು, ಒಲೆ ಮುಂದೆ ಕೂರುವವರು ಯಾರು? ಕಾಕಾ ಮತಕ್ಕೆ ಹಾಕಿದರು. ಬೇಡ ಎಂದು ಆರೂ ಸದಸ್ಯರ ಕೈ ಎದ್ದವು, ಅಧ್ಯಕ್ಷರು ಎಣಿಸಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದರಲ್ಲಿ ನನ್ನದೂ ಒಂದು. ಹೋಗಲಿ ಎಂದು ಎದ್ದದ್ದು ಒಂದೇ ಕೈ, ಹಿಟ್ಟು ಮೆತ್ತಿದ್ದು.

ಚಿಗವ್ವ ಕೈ ಇಳಿಸಿ ಒಳಗೆ ತಿರುಗಿದಳು. ಬಹುಮತಕ್ಕೆ ಎಂದೂ ಎದುರಾಡದ ಕಾಕಾ ರಜಿಸ್ಟರ್ ಮುಚ್ಚಿದರು.

"ಈ ಓಟ ರದ್ದು. ಪಲ್ಯಾಕ ಓಟ ಹಾಕ್ರಿ, ಬಣ್ಣಕ್ಕ ಹಾಕ್ರಿ. ಮನಷ್ಯಾರ ಹಕ್ಕಿಗೆ ಓಟ ಹಾಕಾಕ ಬರಂಗಿಲ್ಲ. ಆರಲ್ಲ, ಅರವತ್ತ ಮಂದಿ ಕೈ ಎತ್ತಿದ್ರೂ ಅಷ್ಟ! ದೇಶದ ತುಂಬ ಅಡ್ಡಾಡೋ ಹಕ್ಕ ಆಕಿಗೂ ಐತಿ."

ನಾವು ತಲೆ ತಗ್ಗಿಸಿದೆವು. ಚಿಗವ್ವ ಮಾತ್ರ ಹೊರಳಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು.

"ಅಲ್ರಿ, ಹಂಗಾದ್ರ ಇಷ್ಟ ವರ್ಷ ನಾ ಒಂದೊಂದಕ್ಕೂ ಯಾಕ ಕೇಳಕೋತ ನಿಂತಿದ್ದೆ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ನಮ್ಮ ಕಾಕಾ ರಜಿಸ್ಟರ್ ಕೆಳಗಿಟ್ಟು ಎದ್ದು ನಿಂತರು. "ಊರ ಮಕ್ಕಳಿಗೆಲ್ಲಾ ಕಲಿಸಿದೆ. ನಿನಗ ಹೇಳೂದ ಮರತೆ. ತಪ್ಪ ನಂದ," ಎಂದರು. ಆ ದನಿಯನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಓಣಿಯ ಹೆಂಗಸರು ಹೊರಟು ನಿಂತಾಗ ಕಾಕಾ ಒಂದು ಗಂಟು ತಂದುಕೊಟ್ಟರು. ಚಿಗವ್ವ ಬಿಚ್ಚಿ ನೋಡಿದಳು. ಒಳಗೆ ರೊಟ್ಟಿ: ಒಂದು ಸೊಟ್ಟ, ಒಂದು ಹರಿದದ್ದು, ಒಂದರ ಅಂಚು ಕರಿ. ಕಾಕಾರ ಬೆರಳು ಸುಟ್ಟು ಬೊಬ್ಬೆ ಎದ್ದಿತ್ತು. ನನಗೆ ನಗು ಬಂತು, ಆದರೆ ನಗಲಾಗಲಿಲ್ಲ.

"ಹಾದ್ಯಾಗ ಹಸಿವಾದ್ರ ತಿನ್ನು," ಎಂದರು ಕಾಕಾ.

ಚಿಗವ್ವ ಹಾದಿಯ ತನಕ ಕಾಯಲಿಲ್ಲ. ಅಂಗಳದಲ್ಲೇ, ಎಲ್ಲರ ಎದುರು, ಹರಿದ ರೊಟ್ಟಿಯ ತುಂಡು ಮುರಿದು ಬಾಯಿಗಿಟ್ಟುಕೊಂಡಳು. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಗಂಡ ತಟ್ಟಿದ ಮೊದಲ ರೊಟ್ಟಿ. ಅಗಿಯುತ್ತ ಅಗಿಯುತ್ತ ಅವಳ ಕಣ್ಣು ತುಂಬಿ ಬಂತು.

"ಉಪ್ಪ ಹಾಕಿಲ್ರಿ," ಎಂದಳು, ಮತ್ತೊಂದು ತುಂಡು ಮುರಿದಳು.