ವಾಯರಿನ ತಂಬೂರಿ

ಎಲ್ಲ ಅನಾಹುತಕ್ಕೂ ಮೂಲ ಸಲಗರ ಹಳ್ಳಿಯಿಂದ ಬಂದ ಒಂದು ಕಹಿ ಸೋರೆಕಾಯಿ. ಮಲಕಾಜಪ್ಪ ಅದನ್ನು ಒಲೆಯ ಮೇಲಿನ ಜಂತಿಗೆ ತೂಗುಹಾಕಿ ಒಣಗಿಸಿದ್ದ. ಅಲ್ಲಿ ತೂಗುತ್ತಿದ್ದಷ್ಟು ದಿನ ಅದು ಯಾರ ತಂಟೆಗೂ ಹೋಗಿರಲಿಲ್ಲ. ಕೆಳಗಿಳಿಸಿ, ಹೊಟ್ಟೆ ಕೊಯ್ದು, ಮೇಲೆ ತೇಗದ ಹಲಗೆ ಕೂಡಿಸಿ, ಉದ್ದನೆಯ ದಂಡಿ ಜೋಡಿಸಿ, ಅದಕ್ಕೆ ತಂಬೂರಿ ಎಂದು ಹೆಸರಿಟ್ಟ ಮೇಲೆ ಸೊಲ್ಲಾಪುರದ ಆ ಗಿರಣಿ ಚಾಳಿನ ಸಾಲುಮನೆಗಳಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ.

ಮಲಕಾಜಪ್ಪ ಚಪಳಗಾಂವದವನು. ಗಿರಣಿಯ ಸಾಳಖಾತೆಯಲ್ಲಿ, ಅಂದರೆ ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ದೊಡ್ಡ ಕೋಣೆಯಲ್ಲಿ, ಕೆಟ್ಟ ಮಗ್ಗ ರಿಪೇರಿ ಮಾಡುವ ಕೆಲಸ ಅವನದು. ಅಲ್ಲಿ ಬಾಯಿಬಿಟ್ಟು ಕೂಗಿದರೂ ಪಕ್ಕದವನಿಗೆ ಕೇಳದು. ಹಾಗಾಗಿ ಸಾಳಖಾತೆಯ ಮಂದಿ ತುಟಿ ನೋಡಿ ಮಾತು ತಿಳಿಯುತ್ತಾರೆ, ಉಳಿದದ್ದನ್ನು ಕೈಯಲ್ಲಿ ಹೇಳುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದು ಅದು ಮನೆಗೂ ಬಂದುಬಿಟ್ಟಿತ್ತು. ಚಾಳಿನಲ್ಲಿ ಎಲ್ಲರೂ ಎದುರಾಬದುರಾ ನಿಂತು ತುಟಿ ದೊಡ್ಡದು ಮಾಡಿ ಮಾತಾಡುವವರೇ. ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಯಾರೂ ವಿಚಾರಿಸಲು ಹೋಗಿರಲಿಲ್ಲ.

ಆದರೆ ಮಲಕಾಜಪ್ಪನ ಹೆಂಡತಿ ದ್ರೌಪದಿಯ ಕಿವಿ ಹೋದದ್ದು ಎಲ್ಲರಿಗೂ ಗೊತ್ತಿತ್ತು. ಅವಳು ಸಾಳಖಾತೆಯ ಪಕ್ಕದಲ್ಲೇ ಕಾಂಡಿಗೆ ನೂಲು ತುಂಬುತ್ತಿದ್ದಳು. ಮಗ್ಗದ ಸದ್ದು ಮೊದಲು ಅವಳ ಒಂದು ಕಿವಿ ತಿಂದಿತು, ಆಮೇಲೆ ಇನ್ನೊಂದು. ಆದರೂ ಅವಳು ಹಾಡುವುದನ್ನು ಬಿಟ್ಟಿರಲಿಲ್ಲ. ಸಂಜೆ ಒಲೆಯ ಮುಂದೆ ಗಂಡನನ್ನು ಎದುರಿಗೆ ಕೂಡಿಸಿಕೊಂಡು, ಅವನ ಮುಖ ನೋಡುತ್ತಾ ಬೀಸುವ ಪದ ಹಾಡುತ್ತಿದ್ದಳು. ಅವನು ಅರೆಗಣ್ಣು ಮುಚ್ಚಿ ತಲೆ ತೂಗುತ್ತಿದ್ದ. ಅವನಿಗೆ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಆಮೇಲೆ ಅವಳ ದನಿ ಸಣ್ಣಗಾಗುತ್ತಾ ಬಂತು. ತನ್ನ ದನಿ ತನಗೇ ಕೇಳದ ಹೆಂಗಸು ಎಷ್ಟು ದಿನ ಗಟ್ಟಿಯಾಗಿ ಹಾಡಿಯಾಳು ಎಂದು ಮಲಕಾಜಪ್ಪ ಮರುಗಿದ. ಒಂದು ಸಂಜೆ ಬರೀ ಅವಳ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಅವಳು ಅರ್ಧಕ್ಕೇ ನಿಲ್ಲಿಸಿ, ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಕೆಂಡ ಮುಚ್ಚಿದಳು. ಅದೇ ಕೊನೆ. ಆಮೇಲೆ ಅವಳು ಹಾಡಲಿಲ್ಲ, ಇವನು ಕೇಳಲಿಲ್ಲ. ಸೋರೆಕಾಯಿ ಜಂತಿ ಏರಿದ್ದು ಆ ವಾರವೇ.

ಅದಾಗಿ ಎರಡು ವರ್ಷಕ್ಕೆ, ಈಗ ಅಕ್ಕಲಕೋಟದಲ್ಲಿ ದ್ರೌಪದಿಯ ತಂಗಿ ಗುರುಬಾಯಿಯ ಮಗಳ ಲಗ್ನ ಬಂದಿತ್ತು. ಆ ಹುಡುಗಿ ಬೆಳೆದದ್ದು ದ್ರೌಪದಿಯ ಮಡಿಲಲ್ಲಿ. ಅರಿಶಿಣದ ಹಾಡು ಅಕ್ಕನೇ ಹಾಡಬೇಕೆಂದು ಗುರುಬಾಯಿ ಹೇಳಿ ಕಳಿಸಿದ್ದಳು. ದ್ರೌಪದಿ ಒಂದೇ ಮಾತಿನಲ್ಲಿ ಮುಗಿಸಿದಳು: “ಬ್ಯಾರೇದವರ ಹಾಡ್ಲಿ.” ಆಮೇಲೆ ರೊಟ್ಟಿ ಬಡಿಯುತ್ತಾ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡದ್ದನ್ನು ಮಲಕಾಜಪ್ಪ ನೋಡಿದ.

ಮಂಗಳವಾರದ ಸಂತೆಯ ಹಳೆ ಸಾಮಾನಿನಲ್ಲಿ ಅವನಿಗೆ ಒಂದು ಮುರುಕು ಟೆಲಿಫೋನು ಸಿಕ್ಕಿತ್ತು. ಮಾತಾಡುವ ಕಡೆಯ ಡಬ್ಬಿಯೊಳಗೆ ಇದ್ದಿಲ ಹರಳುಗಳು ಇರುತ್ತವೆ, ಸದ್ದಿಗೆ ಅವು ನಡುಗಿದರೆ ವಾಯರಿನ ಆ ತುದಿಯ ಕಿವಿಗೊಳವೆ ನುಡಿಯುತ್ತದೆ ಎಂದು ಗಿರಣಿಯ ವಾಯರಮನ್ ಹೇಳಿಕೊಟ್ಟಿದ್ದ. ಆ ಡಬ್ಬಿಯನ್ನು ತಂಬೂರಿಯ ಹೊಟ್ಟೆಗೆ ಕೂಡಿಸುವುದು, ನಡುವೆ ಬ್ಯಾಟರಿ ಕೊಡುವುದು, ಕಿವಿಗೊಳವೆಯನ್ನು ದ್ರೌಪದಿಯ ಕಿವಿಗೆ ಹಿಡಿಯುವುದು. ತಂತಿಯ ಶ್ರುತಿಯೂ ಕೇಳುತ್ತದೆ, ಅವಳ ದನಿಯೂ ಅವಳಿಗೆ ಕೇಳುತ್ತದೆ. ನಾಳೆ ಮುಂಜಾನೆಯ ಗಾಡಿಗೆ ಅಕ್ಕಲಕೋಟಕ್ಕೆ ಹೊರಡುವುದು. ಇವತ್ತು ಆದಿತ್ಯವಾರ, ಗಿರಣಿಗೆ ಸೂಟಿ. ಉಳಿದದ್ದು ಪಾಲಿಶು, ತಂತಿ, ವಾಯರು.

ಮುಂಜಾನೆ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ಅರಿವೆಯ ಉಂಡೆಯಿಂದ ಬುರುಡೆಗೆ ಪಾಲಿಶು ಹಚ್ಚಿ ಮುಗಿಸುವ ಹೊತ್ತಿಗೆ ಕಲ್ಲಣ್ಣ ಬಂದ. ಕಲ್ಲಣ್ಣ ಗಿರಣಿಯ ಗೇಟಿನಲ್ಲಿ ಹಾಜರಿ ಹಿಡಿಯುವವನು. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಅಧಿಕಾರ ಇದ್ದುದರಿಂದ ಜಗತ್ತಿನ ಎಲ್ಲ ವಿಷಯವೂ ತನಗೆ ಗೊತ್ತು ಎಂದು ನಂಬಿದ್ದ. ಈಚೆಗೆ ಅವನು ಹೆಚ್ಚು ಸಲ ಹೊರಗೆ ನಿಲ್ಲಿಸಿದ್ದು ಮಲಕಾಜಪ್ಪನನ್ನೇ. ಮಾಲಕರು ಕಲ್ಲಿದ್ದಲು ಉಳಿಸಲು ಪಾಳಿಗೆ ಕರೆಯುವ ಭೋಂಗಾವನ್ನು ಅರ್ಧ ಉಗಿಯಲ್ಲಿ ಊದುತ್ತಾರೆ, ಮನೆತನಕ ಸದ್ದೇ ಬರುವುದಿಲ್ಲ ಎಂಬುದು ಮಲಕಾಜಪ್ಪನ ದೂರು.

“ತಮ್ಮಾ, ಅರಗಿನ ಪಾಲಿಶ್ ನೆರಳಾಗ ಒಣಗಸಬಾರದಪ. ಅಂಗಳಕ್ಕ ಒಯ್ದು ಬಿಸಲಾಗ ಇಡು.”

ಮಲಕಾಜಪ್ಪ ಅಂಗಳದಲ್ಲಿ ಇಟ್ಟ. ಅದೇ ಗಳಿಗೆಗೆ ಪಕ್ಕದ ಖೋಲಿಯ ಗಂಗುಬಾಯಿ ಗಂಡನ ಗಿರಣಿ ಅರಿವೆಗಳನ್ನು ಹೊರಗೆ ತಂದು ಝಾಡಿಸಿದಳು. ವಾರದ ಹತ್ತಿ ತುಪ್ಪಳವೆಲ್ಲ ಗಾಳಿಗೆ ಎದ್ದು, ಬೇರೆ ಎಲ್ಲೂ ಜಾಗ ಇಲ್ಲವೆನ್ನುವಂತೆ ಹಸಿ ಪಾಲಿಶಿನ ಮೇಲೆ ಬಂದು ಕೂತಿತು.

ಗಂಗುಬಾಯಿ ಹತ್ತಿರ ಬಂದು ಬಗ್ಗಿ ನೋಡಿದಳು. “ಅಣ್ಣಾ, ಇದು ಖರೇನ ಕುರಿಮರಿ ಹಾಂಗ ಆಗ್ಯದ ನೋಡ. ನಮ್ಮ ಬೀರೋಬಾ ದೇವರಿಗ ಹರಕಿ ಬಿಟ್ಟರ ಒಲ್ಲೆ ಅನ್ನಂಗಿಲ್ಲ.”

ಮಲಕಾಜಪ್ಪ ಬುರುಡೆಯನ್ನು ಒಳಗೆ ಒಯ್ದು, ಮರಳುಕಾಗದದಿಂದ ತಿಕ್ಕಿ ಬೋಳಿಸಿ, ಬಾಗಿಲು ಹಾಕಿಕೊಂಡು ಮತ್ತೆ ಪಾಲಿಶು ಹಚ್ಚಿದ. ಸ್ಪಿರಿಟಿನ ವಾಸನೆ ಬಾಗಿಲ ಸಂದಿಯಿಂದ ಹೊರಬಿತ್ತು. ಲಗ್ನಕ್ಕೆ ಹೋಗುವ ಮೊದಲೇ ಮಲಕಾಜಪ್ಪ ಕುಡಿಯಲು ಕೂತಿದ್ದಾನೆ ಎಂಬ ಸುದ್ದಿ ಊಟದ ಹೊತ್ತಿಗೆ ಚಾಳಿನ ಆ ತುದಿ ಮುಟ್ಟಿತ್ತು. ದ್ರೌಪದಿ ಬುತ್ತಿಯ ಹೋಳಿಗೆ ಬೇಯಿಸುತ್ತಾ ಗಂಡನ ಹುಚ್ಚಾಟ ನೋಡಿಯೂ ನೋಡದಂತೆ ಇದ್ದಳು.

ಮಧ್ಯಾಹ್ನ ತಂತಿ ಕಟ್ಟಿ, ಶ್ರುತಿ ಕೂಡಿಸಲು ಭಜನೆಯ ಮಲ್ಲಯ್ಯನವರನ್ನು ಕರೆತಂದ. ಹಣೆತುಂಬ ವಿಭೂತಿಯ ಹಿರಿಯರು. ಅವರು ತಂತಿ ಮೀಟಿ, ಮುಖ ಅರಳಿಸಿ, “ಭೇಷ್ ಮಲಕಾಜಪ್ಪ. ದನಿ ತುಂಬಿ ಬಂದದ” ಎಂದರು.

ಮಲಕಾಜಪ್ಪ ತಾನೂ ಮೀಟಿದ. ಏನೂ ಇಲ್ಲ. ದೂರದಲ್ಲೆಲ್ಲೋ ಸೊಳ್ಳೆ ಹಾರಿದಷ್ಟೂ ಇಲ್ಲ.

“ನನ್ನ ಮನಸ್ ಇಡಾಕ ಹೇಳಬ್ಯಾಡ್ರಿ ಅಯ್ಯಾರ. ಇದು ಮೂಕ ಅದರಿ.”

“ಮೂಕ ಎಲ್ಲೀದೊ ಮಾರಾಯಾ. ಸಾಕು, ಇನ್ನ ಬಿಗಿಬ್ಯಾಡ.”

ಮಲಕಾಜಪ್ಪ ಬಿರಡೆ ತಿರುವಿ ಬಿಗಿದು ಮೀಟಿದ. ಮತ್ತೆ ಬಿಗಿದ. ಮಲ್ಲಯ್ಯನವರು ಎರಡೂ ಕಿವಿ ಮುಚ್ಚಿಕೊಂಡರು. ಅಯ್ಯನವರೂ ಚೇಷ್ಟೆ ಮಾಡುತ್ತಾರಲ್ಲ ಎಂದು ಇವನಿಗೆ ಸಿಟ್ಟು ಬಂತು. ಇನ್ನೊಂದು ಸುತ್ತು ಬಿಗಿದದ್ದೇ ತಂತಿ ಹರಿದು ಮಲ್ಲಯ್ಯನವರ ಹಣೆಗೆ ಬಡಿಯಿತು. ವಿಭೂತಿಯ ಮೂರು ಬಿಳಿ ಗೆರೆಗಳ ಕೆಳಗೆ ನಾಲ್ಕನೆಯದೊಂದು ಕೆಂಪು ಗೆರೆ ಮೂಡಿತು. ಅವರು ಹೊಸ ತಂತಿ ಕಟ್ಟಿ, ತಮಗೆ ಸರಿ ತೋರಿದಷ್ಟು ಬಿಗಿದು, ಬಿರಡೆ ಮುಟ್ಟಿದರೆ ನೋಡು ಎಂದು ಬೆರಳು ತೋರಿಸಿ ಗೋಡೆಗೆ ಒರಗಿದರು.

ಉಳಿದದ್ದು ವಾಯರು. ಡಬ್ಬಿ ಕೂಡಿಸಿ, ಬ್ಯಾಟರಿ ಜೋಡಿಸಿ, ಕಿವಿಗೊಳವೆಯನ್ನು ತನ್ನ ಕಿವಿಗೆ ಹಿಡಿದು ಮಲಕಾಜಪ್ಪ ತಂತಿ ಮೀಟಿದ. ಜೇನು ಎದ್ದ ಹಾಗೆ ಶ್ರುತಿ ಕಿವಿಯೊಳಗೆ ತುಂಬಿತು. ಅವನ ಕಣ್ಣಲ್ಲಿ ನೀರು ಬಂತು.

“ನೋಡ್ರಿ, ಇದು ವಾಯರಿನ ಗುಣ. ಮೂಕ ಬುರುಡಿ ಮಾತಾಡಾಕತ್ತೈತಿ.”

ಸುದ್ದಿ ಹಬ್ಬಿ ಬಾಗಿಲು ತುಂಬ ಮಂದಿ ನೆರೆಯಿತು. ಗಂಗುಬಾಯಿ ಕೊಳವೆಯನ್ನು ಕಿವಿಗೆ ಹಿಡಿದು, ಚೇಳು ಕಡಿದವಳಂತೆ ಎಸೆದಳು. “ನನ್ನ ಕಿವಿ ಒಡೀತೋ ಯಪ್ಪಾ.” ಆಮೇಲೆ ಎಲ್ಲರದೂ ಸರದಿ. ಕೊನೆಗೆ ಕಲ್ಲಣ್ಣ ಕೈಗೆ ತೆಗೆದುಕೊಂಡು, “ಮಾತಾಡೂ ಡಬ್ಬಿಗೆ ಕಿವಿಗೊಳವಿ ಮುಟ್ಟಿಸಿದ್ರ ದನಿ ಎರಡಪಟ್ಟ ಆಗಬೇಕಲ್ಲ” ಎಂದು ಎರಡನ್ನೂ ಮುಖಾಮುಖಿ ಹಿಡಿದ.

ಅದು ಊಳಿಟ್ಟಿತು. ತನ್ನ ಕೂಗನ್ನು ತಾನೇ ಕೇಳಿ ಮತ್ತಷ್ಟು ಕೂಗುವ ಆ ಊಳು ಖೋಲಿಯಿಂದ ಖೋಲಿಗೆ ಹೋಯಿತು. ರಾತ್ರಿಪಾಳಿ ಮುಗಿಸಿ ಮಲಗಿದ್ದವರು ಭೋಂಗಾ ಆಯಿತೆಂದು ಎದ್ದು, ಆದಿತ್ಯವಾರವೆಂಬುದನ್ನೂ ಮರೆತು, ಒಂದು ತೋಳು ಅಂಗಿಯೊಳಗೆ ಒಂದು ಹೊರಗೆ ಮಾಡಿಕೊಂಡು ಗಿರಣಿಯತ್ತ ಓಡಿದರು.

ಮಲಕಾಜಪ್ಪ ಬಾಗಿಲಿಂದ ನೋಡಿ ಬೆರಗಾದ. “ಎಲ್ಲಿ ಬೆಂಕಿ ಬಿತ್ತು? ಇವರೆಲ್ಲಾ ಯಾಕ ಓಡಾಕತ್ಯಾರ?”

ಕಲ್ಲಣ್ಣ ಕೊಳವೆ ಕೆಳಗಿಟ್ಟು ಮೆಲ್ಲಗೆ ಹಿಂದೆ ಸರಿದ.

ಓಡಿದವರು ಮುಚ್ಚಿದ ಗೇಟು ನೋಡಿ ತಿರುಗಿ ಬಂದಾಗ ಸಂಜೆಯಾಗಿತ್ತು. ನಿದ್ದೆ ಕೆಟ್ಟವರ ಸಿಟ್ಟು ಸಣ್ಣದಲ್ಲ. ಬುರುಡೆ ಒಡೆದು ಒಲೆಗೆ ಹಾಕಿರೆಂದರು. ಮಲಕಾಜಪ್ಪ ತಂಬೂರಿಯನ್ನು ಕೂಸಿನಂತೆ ತಬ್ಬಿಕೊಂಡು ಬೇಡಿಕೊಂಡ. “ಒಂದು ಹಾಡು. ಆಕಿ ಒಂದ ಹಾಡ ಹಾಡ್ಲಿ. ಆಮ್ಯಾಲ ನೀವs ಒಡೀರಿ.” ಮಲ್ಲಯ್ಯನವರು ಕೆಂಪು ಗೆರೆಯ ಹಣೆ ಮುಂದೆ ಮಾಡಿ, “ನಾನs ಸುಮ್ನ ಇದ್ದೀನಿ, ನಿಮಗೇನಾಗ್ಯದ” ಎಂದ ಮೇಲೆ ಮಂದಿ ಕೂತರು.

ದ್ರೌಪದಿ ಒಲ್ಲೆನೆಂದಳು. ಅವನು ಅವಳ ಮುಂದೆ ಮಂಡಿಯೂರಿ, ಸಾಳಖಾತೆಯ ರೀತಿಯಲ್ಲಿ ತುಟಿಯಲ್ಲೇ ಹೇಳಿದ: ನಿನ್ನ ಮಗಳ ಅರಿಶಿಣ. ಅವಳು ಕೈ ಒರೆಸಿಕೊಂಡು ಬಂದು ಕೂತು, ಕೊಳವೆಯನ್ನು ಕಿವಿಗೆ ಹಿಡಿದಳು. ಅವನು ತಂತಿ ಮೀಟಿದ. ಅವಳ ಮುಖದಲ್ಲಿ ದೀಪ ಹಚ್ಚಿದಂತಾಯಿತು. ಬುರುಡೆಯ ಕಡೆ ಬಾಗಿ ಅವಳು ಬಾಯಿ ತೆರೆದಳು.

ಮಲಕಾಜಪ್ಪ ಮೀಟುತ್ತಾ ಕಾದ. ಅವಳ ತುಟಿ ಅಲುಗುತ್ತಿತ್ತು. ದನಿ ಬರಲಿಲ್ಲ. ಹೆದರಿದ್ದಾಳೆ, ಈಗ ತೆಗೆಯುತ್ತಾಳೆ ಎಂದುಕೊಂಡ. ಬರಲಿಲ್ಲ. ಎರಡು ವರ್ಷದ ದುಡಿಮೆ ನೀರಲ್ಲಿ ಹೋಮವಾಯಿತೆಂದು ಮೀಟುವುದನ್ನು ನಿಲ್ಲಿಸಿದ. ಬಗ್ಗಿ ಅವಳ ಮುಖದೆದುರು ಹೇಳಿದ:

“ದನಿ ತೆಗಿ, ದ್ರೌಪದಿ. ಬರೇ ತುಟಿ ಅಲುಗಿಸಿದ್ರ ಹ್ಯಾಂಗ?”

ಅವಳು ನಿಲ್ಲಿಸಿದಳು. ಮಲಕಾಜಪ್ಪ ಸುತ್ತ ನೋಡಿದ. ಗಂಗುಬಾಯಿ ಸೆರಗಿನಿಂದ ಕಣ್ಣು ಒರೆಸುತ್ತಿದ್ದಳು. ಕಲ್ಲಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ನಿದ್ದೆ ಕೆಟ್ಟು ಬಂದವರೂ ತಲೆ ತಗ್ಗಿಸಿ ಕೂತಿದ್ದರು.

“ಅಣ್ಣಾ,” ಗಂಗುಬಾಯಿ ಅವನ ಎದುರಿಗೆ ಬಂದು ತುಟಿ ಬಿಡಿಸಿ ಹೇಳಿದಳು, “ಆಕಿ ಹಾಡಾಕತ್ತಿದ್ಲಲ್ಲ. ಇಡೀ ಚಾಳಿಗೆ ಕೇಳ್ತು.”

ಅವನು ತಂತಿಯ ಮೇಲಿನ ಬೆರಳು ನೋಡಿಕೊಂಡ. ಅರ್ಧ ಉಗಿಯ ಭೋಂಗಾ, ಮೂಕ ಬುರುಡೆ, ಕಿವಿ ಮುಚ್ಚಿಕೊಂಡ ಅಯ್ಯನವರು ಎಲ್ಲ ಒಂದೊಂದಾಗಿ ನೆನಪಾದವು. ದ್ರೌಪದಿ ಅವನ ಮುಖವನ್ನೇ ನೋಡುತ್ತಿದ್ದಳು, ಹಾಡು ನಿಲ್ಲಿಸಿದ ಆ ಸಂಜೆ ನೋಡಿದ ಹಾಗೆಯೇ.

“ನನ್ನ ಹಾಡ ಕೆಟ್ಟೈತಿ ಅಂತ ತಿಳಕೊಂಡಿದ್ದೆ,” ಎಂದಳು. “ನನಗ ಕೇಳತಿರಲಿಲ್ಲ, ಆದ್ರ ನಿಮ್ಮ ತಲಿ ತೂಗತಿತ್ತಲ್ಲ, ಅದನ್ನ ನೋಡಿ ಹಾಡತಿದ್ದೆ. ಅವತ್ತ ನಿಮ್ಮ ತಲಿ ನಿಂತತು. ನನಗ ನಾಚಿಕಿ ಬಂತು, ಬಿಟ್ಟೆ. ಈಗ ಇದರಾಗ ಕೇಳಿದೆ. ನನ್ನ ಹಾಡ ಬರೋಬ್ಬರಿ ಅದ. ಹೋಗಿದ್ದು ನಿಮ್ಮ ಕಿವಿರಿ.”

ಮಲಕಾಜಪ್ಪ ಇದನ್ನೆಲ್ಲ ಅವಳ ತುಟಿಯಿಂದ ಓದಿದ. ಅವಳು ಕೊಳವೆಯನ್ನು ಅವನ ಕಿವಿಗೆ ಹಿಡಿದು ಮತ್ತೆ ಹಾಡಿದಳು. ಸಣ್ಣಗೆ, ತಗಡಿನ ಡಬ್ಬಿಯೊಳಗಿಂದ ಬಂದಂತೆ, ಆದರೆ ಅವಳದೇ ದನಿ. ಅವನು ಬಿಕ್ಕಿ ಅತ್ತ. ಒಂದು ನುಡಿ ಮುಗಿಯುವಷ್ಟರಲ್ಲಿ ಅವಳು ತಡವರಿಸಿದಳು. ಕೊಳವೆ ಇವನ ಕಿವಿಯಲ್ಲಿದ್ದರೆ ಅವಳಿಗೆ ಶ್ರುತಿ ಇಲ್ಲ, ಅವಳ ಕಿವಿಯಲ್ಲಿದ್ದರೆ ಇವನಿಗೆ ಹಾಡಿಲ್ಲ. ಇಬ್ಬರ ನಡುವೆ ಅದು ಅತ್ತಿತ್ತ ಓಡಾಡಿತು. ಮಧ್ಯಾಹ್ನವೆಲ್ಲ ಚಾಳು ಆಟವಾಡಿದ ಬ್ಯಾಟರಿ ಅಷ್ಟರಲ್ಲೇ ಸತ್ತುಹೋಯಿತು.

“ಇನ್ನೊಂದ ಟೆಲಿಫೋನ ತಂದ್ರ...” ಎಂದು ಕಲ್ಲಣ್ಣ ಶುರು ಮಾಡಿದ. ಮಲ್ಲಯ್ಯನವರು ಅವನ ಬಾಯಿಗೆ ಕೈ ಅಡ್ಡ ಹಿಡಿದರು.

ದ್ರೌಪದಿ ಕೊಳವೆ ಕೆಳಗಿಟ್ಟು, ಗಂಡನ ಮುಖ ನೋಡಿ ಹಾಡತೊಡಗಿದಳು. ಮತ್ತೆಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಹೆದರಿಕೆಗೆ ಅವನು ತಲೆ ತೂಗಿದ. ಅವನಿಗೆ ಕೇಳುವುದಿಲ್ಲವೆಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತು. ಆದರೂ ಅವನ ತಾಳತಪ್ಪಿದ ತಲೆ ಹೋದ ಕಡೆ ಹಾಡು ಹೋಯಿತು. ಸ್ವಲ್ಪ ಹೊತ್ತಿಗೆ ಅದು ಯಾವ ಧಾಟಿಗೂ ಸೇರದಾಯಿತು. ಅತ್ತವರೆಲ್ಲ ಒಬ್ಬೊಬ್ಬರಾಗಿ ಎದ್ದು, ಸದ್ದಾಗದಂತೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಮರುದಿನ ಅಕ್ಕಲಕೋಟದಲ್ಲಿ ಅರಿಶಿಣಕ್ಕೆ ದ್ರೌಪದಿ ತಂಬೂರಿ ಇಲ್ಲದೆಯೇ, ತಾನಾಗಿಯೇ ಮುಂದೆ ಬಂದು ಕೂತಳು. ಹೆಂಗಸರ ನಡುವೆ ಗಂಡಸಿಗೇನು ಕೆಲಸ ಎಂದರೂ ಕೇಳದೆ ಮಲಕಾಜಪ್ಪ ಅವಳ ಎದುರಿಗೆ ಕೂತ. ಅವಳು ಹಾಡಿದಳು, ಅವನು ತೂಗಿದ. ಗುರುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುತ್ತ ಕೂತ ಹೆಂಗಸರ ಭುಜಗಳು ಕುಲುಕಾಡಿದವು, ನಗು ತಡೆದು ತಡೆದು ಅವರ ಕಣ್ಣಲ್ಲಿ ನೀರು ಬಂತು. ಅರಿಶಿಣದ ಮೈಯಲ್ಲಿ ಕೂತ ಹುಡುಗಿಯೊಬ್ಬಳೇ ನಗದೆ ದೊಡ್ಡವ್ವನ ಬಾಯಿಯನ್ನೇ ನೋಡುತ್ತಿದ್ದಳು.

ಮಲಕಾಜಪ್ಪ ಆ ಒದ್ದೆ ಕಣ್ಣುಗಳನ್ನೆಲ್ಲ ಒಮ್ಮೆ ಸುತ್ತ ನೋಡಿದ. ನಿನ್ನೆ ಚಾಳಿನಲ್ಲಿ ನೋಡಿದ ಕಣ್ಣುಗಳೂ ಹೀಗೇ ಇದ್ದವು. ಹಾಡು ಮತ್ತೆ ಕೂಡಿ ಬಂದಿದೆ ಎಂದುಕೊಂಡು ಇನ್ನಷ್ಟು ಜೋರಾಗಿ ತಲೆ ತೂಗಿದ.