ಹದಿನೈದು ಕಿಲೋ ಇಳಿಸಿಕೊಂಡವಳು ತೂಕದ ಯಂತ್ರಕ್ಕೆ ಬರೆದ ದೂರು

ಶಹಾಪುರ ಬಸ್ ನಿಲ್ದಾಣದಲ್ಲಿ ನಿಂತ ಕಾಲಲ್ಲೇ ಸಾರ್ವಜನಿಕ ಸೇವೆ ಸಲ್ಲಿಸುತ್ತಿರುವ, ಕೆಂಪು ದೀಪಗಳಿಂದ ಶೋಭಿಸುವ ತೂಕದ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ದೀಪಗಳು ಸದಾ ಮಿನುಗುತ್ತಿರಲಿ, ತಮ್ಮ ಚಕ್ರ ಎಂದೂ ಸಿಕ್ಕಿಹಾಕಿಕೊಳ್ಳದಿರಲಿ ಎಂದು ಹಾರೈಸುತ್ತ, ವನದುರ್ಗದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮರಿಲಿಂಗಮ್ಮ ಎಂಬ ನಾನು ವಿನಯದಿಂದ ಬರೆದುಕೊಳ್ಳುವುದೇನೆಂದರೆ, ತಮ್ಮಿಂದ ನನಗೆ ಅಪಾರ ಉಪಕಾರವಾಗಿದೆ, ಇನ್ನು ಮುಂದೆ ಅಂಥ ಉಪಕಾರವನ್ನು ಬೇರೆ ಯಾರಿಗೂ ಮಾಡದಿರಲು ತಮ್ಮಲ್ಲಿ ಪ್ರಾರ್ಥನೆ.

ಕಳೆದ ವರ್ಷ ಜಾತ್ರೆಯಂತೆ ತುಂಬಿದ್ದ ಬಸ್ಸಿನಲ್ಲಿ ಕಂಡಕ್ಟರ್ ಲಾಡ್ಲೇಸಾಬರು ನನ್ನನ್ನು ನೋಡಿ, "ಟೀಚರ್, ಸ್ವಲ್ಪ ಸರೀರಿ, ನೀವು ಕೂತ ಜಾಗಾದಾಗ ಇಬ್ಬರು ಕೂಡ್ತಾರ್ರಿ" ಎಂದರು. ಬಸ್ಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಇಳಿದವಳು ನೇರವಾಗಿ ತಮ್ಮ ಮೇಲೆ ಹತ್ತಿದೆ. ತಾವು ಚೀಟಿ ಉದುರಿಸಿ ಐವತ್ತೆಂಟು ಎಂದಿರಿ. ನನ್ನ ಎತ್ತರಕ್ಕೆ ಅದು ಸರಿಯಾದ ತೂಕವೆಂದು ನಾನೇ ಮಕ್ಕಳಿಗೆ ಪಾಠ ಮಾಡಿದ್ದೆ. ಆದರೆ ಮಕ್ಕಳಿಗೆ ಹೇಳುವುದನ್ನೆಲ್ಲ ನಂಬುವಷ್ಟು ಮುಗ್ಧೆ ನಾನಲ್ಲ.

ಅಂದಿನಿಂದ ಮುಂಜಾನೆ ನಿಂಬೆಹಣ್ಣಿನ ನೀರು, ಮಧ್ಯಾಹ್ನ ಒಂದು ಸೌತೆಕಾಯಿ, ಸಂಜೆ ಅರ್ಧ ರೊಟ್ಟಿ. ಕ್ವಾರ್ಟರ್ಸಿನಿಂದ ಕಾಲುವೆ ದಂಡೆಯ ಮೇಲೆ ನೀರು ಬಿಡುವ ಗೇಟಿನ ತನಕ ಎರಡು ಸಲ ಓಡುತ್ತಿದ್ದೆ. ನಮ್ಮ ಯಜಮಾನರು ಈಶಪ್ಪನವರು ಕಾಲುವೆ ಕಚೇರಿಯ ಗುಮಾಸ್ತರು; ಗದ್ದೆಗಳಿಗೆ ನೀರು ಬಿಡುವ ಸರದಿಯನ್ನು ತಪ್ಪದೆ ಬರೆದಿಡುವ ಅವರು ಹೆಂಡತಿಯ ತಟ್ಟೆಯಲ್ಲಿ ಏನಿದೆ ಎಂದು ನೋಡಿದವರಲ್ಲ. ತಾವು ಮಾತ್ರ ವಾರಕ್ಕೊಮ್ಮೆ ತಪ್ಪದೆ ನನ್ನನ್ನು ವಿಚಾರಿಸಿಕೊಂಡಿರಿ. ಐವತ್ತೆರಡು ಎಂದಾಗ ಹಿಗ್ಗಿದೆ. ನಲವತ್ತೇಳು ಎಂದಾಗ ತಲೆ ತಿರುಗಿ ತಮ್ಮನ್ನೇ ಹಿಡಿದು ನಿಂತೆ, ಅದನ್ನು ಸಂತೋಷವೆಂದು ತಿಳಿದೆ. ನಲವತ್ತಮೂರಕ್ಕೆ ಬಂದಾಗ ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು, ಬಿಸಿಲಲ್ಲೂ ಕೈಕಾಲು ತಣ್ಣಗಿರುತ್ತಿದ್ದವು, ಮುಟ್ಟು ನಿಂತು ಮೂರು ತಿಂಗಳಾಗಿತ್ತು.

ಈ ಕೊನೆಯ ಸಂಗತಿಯನ್ನು ನನಗಿಂತ ಮೊದಲು ಗಮನಿಸಿದವರು ನಮ್ಮ ಅತ್ತೆ ದೇವಕಮ್ಮನವರು. ಮದುವೆಯಾಗಿ ಎರಡು ವರ್ಷದಿಂದ ಅವರು ಕಾಯುತ್ತಿದ್ದದ್ದು ಅದೊಂದಕ್ಕೇ. ನನ್ನನ್ನು ಕೇಳದೆ ಕಾಲೊನಿಯ ಮನೆಮನೆಗೂ ಸಕ್ಕರೆ ಹಂಚಿ ಬಂದರು, ಗೋಧಿ ಹುಗ್ಗಿ ಮಾಡಿದರು, ನಾನು ಎತ್ತಿದ ಕೊಡವನ್ನು ಕಸಿದುಕೊಂಡರು. "ತಲಿ ತಿರಗ್ತದಂತ ಅಂಜಬ್ಯಾಡವ್ವ, ಮೊದಲನೇದಕ್ಕ ಹಂಗ ಆಗ್ತದ" ಎಂದರು. ಇಪ್ಪತ್ತೆಂಟು ದಿನಗಳ ಋತುಚಕ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುವ ವಿಜ್ಞಾನ ಶಿಕ್ಷಕಿಯಾದ ನಾನೂ ಅದನ್ನೇ ನಂಬಿದೆ, ಮಾನ್ಯರೇ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗುತ್ತಿದ್ದೆ. ಹೆಸರನ್ನೂ ಯೋಚಿಸಿಟ್ಟಿದ್ದೆ. ಅದನ್ನು ತಮಗೆ ಹೇಳುವುದಿಲ್ಲ.

ಯಾದಗಿರಿಯ ಲೇಡಿ ಡಾಕ್ಟರರು ಪರೀಕ್ಷೆ ಮಾಡಿಸಿ, ಥೈರಾಯಿಡ್ ಮುಂತಾದವನ್ನೂ ನೋಡಿ, ಅತ್ತೆಯ ಎದುರಿಗೇ, "ಇದು ಬಸುರಲ್ಲವ್ವ. ದಿನಾ ಏನು ಉಣ್ತಿ ಹೇಳು" ಎಂದರು. ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಮೈಗೆ ಸಾಲೋವಷ್ಟು ಅನ್ನ ಸಿಗಲಿಲ್ಲಂದ್ರ, ಇದು ಮಗು ಹೊರೋ ಕಾಲ ಅಲ್ಲಂತ ಮಿದುಳು ಮುಟ್ಟು ನಿಲ್ಲಸ್ತದ. ಇದ್ದ ಸ್ವಲ್ಪ ಶಕ್ತಿ ಎದಿಬಡಿತಕ್ಕ, ಉಸಿರಿಗೆ ಬೇಕಲ್ಲ. ಬರದಿದ್ರ ಆರಾಮಾತಂತ ಕೂಡಬ್ಯಾಡ, ಎಲುಬು ಟೊಳ್ಳಾಗ್ತಾವ. ಹೊಟ್ಟಿ ತುಂಬ ಉಣ್ಣು, ಓಡೋದು ಬಿಡು. ತೂಕ ಬಂದ ಮ್ಯಾಲೂ ಕೆಲವು ತಿಂಗಳು ತಡೀಬೇಕು."

ಮರಳುವ ಬಸ್ಸಿನಲ್ಲಿ ಅತ್ತೆ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಭೀಮಾ ಸೇತುವೆ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಕಾಲುವಿ ಬರೋಕ್ಕಿಂತ ಮೊದಲು, ಬರಗಾಲದಾಗ, ನಮ್ಮ ಓಣಿ ಹೆಂಗಸರಿಗೆಲ್ಲ ನಿಂತಿತ್ತು. ನನಗೂ ನಿಂತಿತ್ತು. ಮನ್ಯಾಗ ಒಂದು ಹಿಡಿ ಜ್ವಾಳ ಇದ್ದಿದ್ದಿಲ್ಲ. ಈಗ ಡಬ್ಬಿ ತುಂಬ ಅದ, ನಿನಗ್ಯಾಕ ನಿಲ್ಲಬೇಕವ್ವ?"

ಮರುದಿನ ಅವರು ಮತ್ತೆ ಮನೆಮನೆಗೂ ಹೋಗಿ, "ಬಸುರಂತ ತಿಳಕೊಂಡಿದ್ದು ನನ್ನ ತಪ್ಪು" ಎಂದು ಹೇಳಿಬಂದರು. ನನ್ನ ಹೆಸರನ್ನು ಎಲ್ಲಿಯೂ ಎತ್ತಲಿಲ್ಲ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನನ್ನ ದಡ್ಡತನ ನನ್ನ ಸ್ವಂತ ಆಸ್ತಿ. ಆದರೆ ಆ ವಾರವೇ ಒಂಬತ್ತನೇ ತರಗತಿಯ ಅನ್ನಮ್ಮ ಪ್ರಾರ್ಥನೆಯಲ್ಲಿ ಕುಸಿದು ಬಿದ್ದಳು. ಮುಖಕ್ಕೆ ನೀರು ಚಿಮುಕಿಸಿ ಕೇಳಿದರೆ, "ರೊಟ್ಟಿ ನಾಯಿಗೆ ಹಾಕ್ತೀನ್ರಿ ಟೀಚರ್. ನೀವು ಸೌತಿಕಾಯಿ ತಿಂದು ಎಷ್ಟು ಚಂದ ಆಗೀರಿ. ನನಗ ಮೂರು ತಿಂಗಳಿಂದ ಮುಟ್ಟು ಬಂದಿಲ್ರಿ, ತ್ರಾಸ ತಪ್ಪಿತಂತ ಸುಮ್ಮನಿದ್ದೆ" ಎಂದಳು. ಹುಡುಗಿಯ ಮಣಿಕಟ್ಟು ನನ್ನ ಎರಡು ಬೆರಳ ನಡುವೆ ಬಂತು. ನನ್ನ ಪಾಠವನ್ನು ಇಷ್ಟು ಶ್ರದ್ಧೆಯಿಂದ ಕಲಿತ ವಿದ್ಯಾರ್ಥಿನಿ ಹಿಂದೆ ಯಾರೂ ಇರಲಿಲ್ಲ.

ಅವಳ ತಾಯಿಯನ್ನು ಕರೆಸಿ, ತಪ್ಪು ನನ್ನದೆಂದು ಹೇಳಿ, ಅದೇ ಡಾಕ್ಟರರ ಬಳಿಗೆ ನಾನೇ ಕರೆದುಕೊಂಡು ಹೋದೆ. ಆಮೇಲೆ ದಿನವೂ ಹುಡುಗಿಯರ ಸಾಲಿನಲ್ಲಿ ಕೂತು ಎಲ್ಲರಿಗೂ ಕಾಣುವಂತೆ ಎರಡು ರೊಟ್ಟಿ, ಪುಂಡಿಸೊಪ್ಪಿನ ಪಲ್ಯ, ಶೇಂಗಾ ಚಟ್ನಿಪುಡಿ ತಿಂದೆ. ಮೊದಲ ದಿನಗಳಲ್ಲಿ ಪ್ರತಿ ತುತ್ತಿಗೂ ತಮ್ಮ ಚೀಟಿ ಕಣ್ಣ ಮುಂದೆ ಬರುತ್ತಿತ್ತು. ಅನ್ನಮ್ಮ ನನ್ನ ತಟ್ಟೆಯನ್ನೇ ನೋಡುತ್ತಿದ್ದುದರಿಂದ ನುಂಗಿದೆ. ಎರಡು ತಿಂಗಳ ನಂತರ ನಾನು ಹಾಜರಿ ಕರೆಯುವಾಗ ಅವಳು ಹತ್ತಿರ ಬಂದು, "ಬಂತ್ರಿ ಟೀಚರ್" ಎಂದು ಕಿವಿಯಲ್ಲಿ ಹೇಳಿ ಓಡಿದಳು.

ನನ್ನದು ಬರಲು ಆರು ತಿಂಗಳು ಹಿಡಿಯಿತು.

ಆದುದರಿಂದ ಮಾನ್ಯರೇ, ತಮ್ಮ ಮೇಲೆ ಹೆಣ್ಣುಮಕ್ಕಳು ಹತ್ತಿದಾಗ ಮೊದಲು "ಉಂಡು ಬಂದೀಯೇನವಾ?" ಎಂದು ಕೇಳಬೇಕೆಂದೂ, ಇಲ್ಲವೆಂದವರಿಗೆ ಅಂಕಿಯ ಬದಲು ಒಂದು ಬಿಸಿ ರೊಟ್ಟಿ ಹೊರಹಾಕಬೇಕೆಂದೂ ಕೋರುತ್ತೇನೆ. ಇದು ತಮ್ಮಿಂದಾಗದಿದ್ದರೆ ನಮ್ಮ ಅತ್ತೆಯವರಲ್ಲಿ ತರಬೇತಿ ಪಡೆಯಬಹುದು. ನನಗೆ ಮುಟ್ಟು ಬಂದ ದಿನ, ನಮ್ಮ ಮನೆಯ ಪದ್ಧತಿಯಂತೆ ಮೂರು ದಿನ ಹೊರಗಿನ ಕಟ್ಟೆಯ ಮೇಲೆ ಕೂರಲು ಚಾಪೆ ಹಿಡಿದು ಹೊರಟೆ. ದೇವಕಮ್ಮನವರು ನನ್ನ ಮುಖ ನೋಡಿದರು, ಚಾಪೆ ನೋಡಿದರು. ಒಲೆಯ ಮುಂದಿನಿಂದ ಎದ್ದು ಬಂದು ಚಾಪೆಯನ್ನು ಕಸಿದುಕೊಂಡು, "ಹೊರಗ ಯಾಕ ಹೋಗ್ತಿ? ಒಳಗ ಬಾ, ಒಲಿ ಮುಂದ ಕೂಡು, ರೊಟ್ಟಿ ಬಿಸಿ ಅದ" ಎಂದರು.

ತಮ್ಮ ವಿಶ್ವಾಸಿ, ತಮ್ಮ ಮೇಲೆ ವಿಶ್ವಾಸ ಕಳೆದುಕೊಂಡ,
ಮರಿಲಿಂಗಮ್ಮ

ತಾಜಾಕಲಂ: ಹೋದ ತಿಂಗಳು ಸಂತೆಯಿಂದ ಬರುವಾಗ ಈಶಪ್ಪನವರು ಜೋಳದ ಚೀಲವನ್ನು ತಮ್ಮ ಮೇಲಿಟ್ಟು ತೂಗಿದರು. ಚೀಟಿಯ ಹಿಂದೆ ತಾವು "ಶೀಘ್ರದಲ್ಲೇ ಕಂಕಣಬಲ ಕೂಡಿಬರಲಿದೆ" ಎಂದು ಭವಿಷ್ಯ ನುಡಿದಿದ್ದೀರಿ. ಚೀಲ ಇನ್ನೂ ಮದುವೆಯಾಗಿಲ್ಲ. ಅರ್ಧ ತಿಂದು ಮುಗಿಸಿದ್ದೇವೆ.