ಎಂಟು ಜನರ ದೋಣಿ

ಹೆಣ್ಣು ನೋಡಲು ಹೋದ ದಿನ ನನ್ನ ಮಾವ ತೆಗೆದುಕೊಂಡದ್ದು ಬರೀ ಕಾಲು ಗಂಟೆ. ದೋಣಿ ನೋಡಲು ತೆಗೆದುಕೊಂಡದ್ದು ನಾಲ್ಕು ವರ್ಷ! ಈ ಮಾತು ನನ್ನದಲ್ಲ, ಅತ್ತೆಯದು. ಮನೆಗೆ ಬಂದವರ ಕೈಗೆ ಚಹಾದ ಕಪ್ಪು ಕೊಡುವ ಮೊದಲೇ ಅವರು ಇದನ್ನು ಹೇಳಿ ಮುಗಿಸುತ್ತಿದ್ದರು. "ನನ್ನನ್ನು ನೋಡ್ಲಿಕ್ಕೆ ಬಂದಾಗ ಅವಲಕ್ಕಿ ತಿಂದು ಮುಗಿಯೋದ್ರೊಳಗೆ ಹೂಂ ಅಂದ್ರು. ಈಗ ಒಂದು ಮರದ ದೋಣಿಗೆ ಎಷ್ಟು ಪರೀಕ್ಷೆ ನೋಡಿ!" ಮಾವ ತಲೆಯೆತ್ತದೆ ಉತ್ತರ ಕೊಡುತ್ತಿದ್ದರು: "ನಿನ್ನನ್ನು ಪಿಕಪ್ಪಿಗೆ ಕಟ್ಟಿ ಎಳೀಲಿಕ್ಕೆ ಇರ್ಲಿಲ್ಲ ಅಲ್ವಾ ಮಾರಾಯ್ತಿ?"

ಈ ಮಾವ ನನ್ನ ತಾಯಿಯ ಅಣ್ಣ. ಉಡುಪಿ ಕಡೆಯ ಮೀನುಗಾರರ ಮನೆಯವರು. ಆದರೆ ಮುಂಬಯಿಗೆ ಬಂದು ಹದಿನೆಂಟು ವರ್ಷ ತರಕಾರಿ ಹೊತ್ತರು. ಮಿಲಿಟರಿ ಹರಾಜಿನಲ್ಲಿ ಕೊಂಡ ಒಂದು ಹಳೆಯ ಪಿಕಪ್ ಇತ್ತು. ಅದರಲ್ಲಿ ಬೆಳಗಾದರೆ ಬದನೆ, ಬಟಾಟೆ, ಕೊತ್ತಂಬರಿ ತುಂಬಿಕೊಂಡು ಚೆಂಬೂರು, ಸಾಯನ್, ಮಾಟುಂಗಾದ ಉಡುಪಿ ಹೋಟೆಲುಗಳಿಗೆ ಹಾಕಿ ಬರುತ್ತಿದ್ದರು. ನಾನು ಕೋಟೆ ಭಾಗದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಚೆಂಬೂರಿನ ಚಾಳಿನಲ್ಲಿ ಅವರ ಒಂದು ಕೋಣೆಯ ಖೋಲಿಯಲ್ಲೇ ಇದ್ದೆ. ನಮ್ಮ ಅಳಿಯಕಟ್ಟಿನ ಪ್ರಕಾರ ಮಾವನ ಆಸ್ತಿಗೆಲ್ಲ ನಾನೇ ವಾರಸುದಾರ. ಆಸ್ತಿ ಎಂದರೆ ಆ ಪಿಕಪ್! ಅದರ ಬ್ರೇಕಿನ ಸದ್ದು ಕೇಳಿದಾಗಲೆಲ್ಲ ನನಗೆ ಅಪ್ಪನ ಆಸ್ತಿ ಮಕ್ಕಳಿಗೆ ಹೋಗುವ ಮಕ್ಕಳಕಟ್ಟೇ ವಾಸಿ ಅನ್ನಿಸುತ್ತಿತ್ತು.

ಮೂರು ಕಡೆ ಸಮುದ್ರ ಇರುವ ಊರಿನಲ್ಲಿ ದೋಣಿಯನ್ನು ಪಿಕಪ್ಪಿಗೆ ಕಟ್ಟಿ ಮನೆಗೆ ಎಳೆದು ತರುವುದು ಯಾಕೆ? ನೀವು ಕೇಳುತ್ತೀರಿ ಎಂದು ಗೊತ್ತು. ಇಡೀ ಚಾಳು ಕೇಳಿತು. ಚಾಳಿಗೆ ಮಾವ ಹೇಳಲಿಲ್ಲ, ನಾನು ನಿಮಗೆ ಹೇಳುತ್ತೇನೆ.

ಮಾವನಿಗೆ ಒಬ್ಬ ತಮ್ಮ. ನಾನು ಅವರನ್ನು ಚಿಕ್ಕಮಾವ ಎನ್ನುತ್ತಿದ್ದೆ. ಅರವತ್ತರ ದಶಕದ ಕೊನೆಯಲ್ಲಿ ಊರಿನಲ್ಲಿ ಅವರ ದೋಣಿ ಮಗುಚಿತು. ಮೂವರು ಹೋಗಿದ್ದರು, ತಿರುಗಿ ಬಂದವರು ಚಿಕ್ಕಮಾವ ಒಬ್ಬರೇ. ಮಾವ ಹೋಗಿ ಅವರನ್ನು ಮುಂಬಯಿಗೆ ಕರೆದುಕೊಂಡು ಬಂದರು. ಬಂದ ಮೇಲೆ ಅವರು ಮಾತು ಬಿಟ್ಟರು. "ಸಾಕು", "ಬೇಡ", ದಿನಕ್ಕೆ ಈ ಎರಡು ಶಬ್ದ. ಖೋಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಹೋಟೆಲಿನ ಈರುಳ್ಳಿ ಸುಲಿಯುತ್ತಿದ್ದರು. ಲೋಕಲ್ ಟ್ರೇನು ಕಡಲಿನ ನೀರು ಒಳನುಗ್ಗುವ ಮಾಹಿಮ್ ಖಾಡಿಯ ಸೇತುವೆಯ ಮೇಲೆ ಹೋಗುವಾಗ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಆ ಹಿಡಿತಕ್ಕೆ ನನ್ನ ಕೈ ಜೋಮು ಹಿಡಿಯುತ್ತಿತ್ತು. ಸರಕಾರಿ ಆಸ್ಪತ್ರೆಯ ಡಾಕ್ಟರು ಸಮಯ ಬೇಕು ಎಂದರು.

ಮಾವ ಹೊರಗೆ ಬಂದು ಬೀಡಿ ಹಚ್ಚಿ, "ಸಮಯ ಅಲ್ಲ, ಅವನಿಗೆ ದೋಣಿ ಬೇಕು. ಅವ ಕಡಲ ಹತ್ರ ಬರೋದಿಲ್ಲ. ಹಾಗಾದ್ರೆ ದೋಣಿಯನ್ನೇ ಅವನ ಹತ್ರ ತರುವ" ಎಂದರು. ಇದು ಹುಚ್ಚೇ? ನನಗಂತೂ ಆಗ ಹಾಗೇ ಅನ್ನಿಸಿತು. ಎಪ್ಪತ್ತರ ದಶಕದ ಆರಂಭದ ನನ್ನ ಭಾನುವಾರಗಳೆಲ್ಲ ಈ ಹುಚ್ಚಿಗೇ ಹೋದವು.

ಮಾವ ಒಂದು ನೋಟ್‌ಬುಕ್ ಮಾಡಿಕೊಂಡರು. ಪಿಕಪ್ಪಿನ ಅಗಲ, ಚಾಳಿನ ಗಲ್ಲಿಯ ಅಗಲ, ಸಾಯನ್ ಸ್ಟೇಷನ್ ಸೇತುವೆಯ ಇಳಿಜಾರು, ಎಲ್ಲ ಅದರಲ್ಲಿ ಇತ್ತು. ಹಳೆಯ ಲಾರಿಯ ಅಚ್ಚಿನಿಂದ ಎರಡು ಚಕ್ರದ ಟ್ರೇಲರ್ ಒಂದನ್ನು ವೆಲ್ಡಿಂಗ್ ಮಾಡಿಸಿದರು. "ಎಳೆಯೋದು ಎಂತ ದೊಡ್ಡ ವಿಷಯ?" ಎನ್ನುವರು. "ನಿಲ್ಲಿಸ್ಲಿಕ್ಕೆ ಆಗ್ಬೇಕು. ಹಿಂದಿನದು ಮುಂದಿನದನ್ನು ದೂಡಿದ್ರೆ ಕತೆ ಮುಗೀತು." ನಾವು ಸಣ್ಣ ಮಳೆಯಲ್ಲಿ, ಹೊಗೆ ಕವಿದ ಬೆಳಗುಗಳಲ್ಲಿ, ಟೇಪು ಹಿಡಿದು ಮೀನುಗಾರರ ಒಂದು ವಾಡಿಯಿಂದ ಇನ್ನೊಂದು ವಾಡಿಗೆ ಅಲೆದೆವು. ವರ್ಸೋವಾದ ದೋಣಿ ಉದ್ದ ಹೆಚ್ಚಾಯಿತು. ಬಾಂದ್ರಾದ್ದು ಗಲ್ಲಿಯಲ್ಲಿ ಹಿಡಿಯದು. ಇನ್ನೊಂದು ಚೆನ್ನಾಗಿತ್ತು, ಹಗುರವಾಗಿತ್ತು, ನಾನು ದೇವರಿಗೆ ಕೈ ಮುಗಿದೆ. "ಹಗುರ ದೋಣಿ ರಸ್ತೆಯ ಗುಂಡಿಯಲ್ಲಿ ಹಾರ್ತದೆ" ಎಂದು ಮಾವ ಅದನ್ನೂ ಬಿಟ್ಟರು. ಭಾರವಾದರೆ ದೂಡುತ್ತದೆ, ಹಗುರವಾದರೆ ಹಾರುತ್ತದೆ! ಇಂಥವರಿಗೆ ದೋಣಿ ಎಲ್ಲಿಂದ ತರುವುದು?

ಕಡೆಗೆ ಮಾಹಿಮಿನ ಮೀನುಗಾರರ ವಾಡಿಯಲ್ಲಿ ಒಬ್ಬ ಮುದುಕಿಯ ದೋಣಿ ಮಾವನ ಕಣ್ಣಿಗೆ ಬಿತ್ತು. ಮಳೆಗಾಲವಾದ್ದರಿಂದ ಅದನ್ನು ದಡಕ್ಕೆಳೆದು ತೆಂಗಿನ ಗರಿ ಹೊದಿಸಿ ಒಣಗಲು ಇಟ್ಟಿದ್ದರು. ಮಾವ ಅದರ ಸುತ್ತ ನಾಲ್ಕು ಸುತ್ತು ಹಾಕಿ ತೂಕ ಎಷ್ಟು ಎಂದು ಕೇಳಿದರು.

"ಆಠ್ ಮಾಣ್ಸಂ" ಎಂದಳು ಮುದುಕಿ. ಎಂಟು ಜನ!

ಮೀನುಗಾರರಿಗೆ ದೋಣಿಯ ತೂಕ ಕಿಲೋದಲ್ಲಿ ಗೊತ್ತಿರುವುದಿಲ್ಲ. ಎಷ್ಟು ಜನ ಸೇರಿ ಎತ್ತಿದರೆ ಅದು ಮರಳಿನಿಂದ ಏಳುತ್ತದೆಯೋ ಅದೇ ಅದರ ತೂಕ. ನಮ್ಮ ಊರಿನಲ್ಲೂ ಇದೇ ಲೆಕ್ಕ. ಮಾವನ ಮುಖ ಅರಳಿತು. ದೀಪಾವಳಿ ಕಳೆದ ಮೇಲೆ ಕೊಡುತ್ತೇನೆ, ಈ ಸಲದ ಮೀನು ಹಿಡಿದುಕೊಳ್ಳುತ್ತೇವೆ ಎಂದಳು ಮುದುಕಿ. ಮಾವ ಒಪ್ಪಿದರು. ನೋಟ್‌ಬುಕ್ಕಿನಲ್ಲಿ "ಎಂಟು ಜನ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಮುಂದಿನ ಭಾನುವಾರ ಪರೀಕ್ಷೆ. ಪರಿಚಯದ ಹೋಟೆಲುಗಳಿಂದ ಅಡಿಗೆಯವರು, ಸಪ್ಲೈಯರುಗಳು, ಪಾತ್ರೆ ತೊಳೆಯುವವರು ಎಂದು ಎಂಟು ಜನರನ್ನು ಕರೆತಂದು ಟ್ರೇಲರಿನ ಮೇಲೆ ಕೂರಿಸಿದರು. ನಾನು ಮೆಲ್ಲನೆ ಹೇಳಿದೆ: "ಮಾವ, ಎಂಟು ಜನ ಎತ್ತುವ ತೂಕ ಬೇರೆ, ಎಂಟು ಜನರ ತೂಕ ಬೇರೆ. ಅದರಲ್ಲೂ ಇವರು ಹೋಟೆಲಿನವರು." ಮಾವ, "ಹೆಚ್ಚಿದ್ರೆ ಒಳ್ಳೇದೇ ಆಯ್ತಲ್ಲ" ಎಂದು ಪಿಕಪ್ ಬಿಟ್ಟರು. ಬಿಜಾಪುರ ಕಡೆಯ ಪಾತ್ರೆ ತೊಳೆಯುವವನೊಬ್ಬ ಹಲಗೆ ಗಟ್ಟಿಯಾಗಿ ಹಿಡಿದುಕೊಂಡು, "ಏನ್ರೀ ಇದು, ನಮ್ಮನ್ನ ಉಳ್ಳಾಗಡ್ಡಿ ಚೀಲಾ ಮಾಡ್ಯಾರಲ್ರೀ!" ಎಂದು ಕೂಗುತ್ತಿದ್ದ. ಸಾಯನ್ ಸೇತುವೆಯ ಇಳಿಜಾರಿನಲ್ಲಿ ಮಾವ ಮೂರು ಸಲ ನಿಲ್ಲಿಸಿದರು, ಮೂರು ಸಲವೂ ಗಾಡಿ ನಿಂತಿತು. ನಾಲ್ಕನೆಯ ಸಲ ನಿಲ್ಲಿಸಿದವನು ಟ್ರಾಫಿಕ್ ಪೊಲೀಸ್.

"ಕ್ಯಾ ಹೈ ಯೇ? ಬಾರಾತ್ ಹೈ ಕ್ಯಾ?" ಮದುವೆಯ ದಿಬ್ಬಣವೇ ಎಂದು ಕೇಳಿದ.

"ನಹೀ ಸಾಬ್. ಬೋಟ್ ಹೈ" ಎಂದರು ಮಾವ, ಗಂಭೀರವಾಗಿ.

ಪೊಲೀಸಿನವನು ಟ್ರೇಲರಿನ ಮೇಲಿದ್ದ ಎಂಟು ಜನರನ್ನು ಒಬ್ಬೊಬ್ಬರಾಗಿ ನೋಡಿದ. ಆಮೇಲೆ ಹತ್ತಿರ ಬಂದು ಮಾವನ ಬಾಯಿ ಮೂಸಿದ. ಪಾನನಿರೋಧದ ಕಾಲ ನೋಡಿ! ಬೀಡಿ ಬಿಟ್ಟು ಬೇರೇನೂ ವಾಸನೆ ಬರದ ಕಾರಣ ಬಿಟ್ಟು ಕಳಿಸಿದ.

ದೀಪಾವಳಿ ಕಳೆಯಿತು. ದೋಣಿ ತರಲು ಹೋದೆವು. ಅದನ್ನು ಎತ್ತಿ ಟ್ರೇಲರಿಗೆ ಏರಿಸಲು ಬಂದವರನ್ನು ನಾನು ಎಣಿಸಿದೆ. ಹನ್ನೊಂದು! ಮಾವನಿಗೆ ಹೇಳಿದರೆ, "ಮೂರು ಜನ ಸುಮ್ಮನೆ ಕೈ ಇಟ್ಟಿರ್ತಾರೆ ಮಾರಾಯ, ಎಲ್ಲ ಕಡೆ ಹಾಗೇ" ಎಂದರು. ಸೇತುವೆ ಹತ್ತಿದ್ದು ಆಯಿತು. ಇಳಿಯುವಾಗ ಬ್ರೇಕ್ ಒತ್ತಿದರೂ ಪಿಕಪ್ ನಿಲ್ಲಲಿಲ್ಲ. ನಮ್ಮ ಬೆನ್ನ ಹಿಂದಿನಿಂದ ಯಾರೋ ತಾಳ್ಮೆಯಿಂದ ದೂಡುತ್ತಿದ್ದ ಹಾಗೆ ಅದು ಇಳಿಯುತ್ತಲೇ ಹೋಯಿತು. ಮಾವ ಬೆವರುತ್ತ ಗಾಡಿಯನ್ನು ಫುಟ್‌ಪಾತಿನ ಅಂಚಿಗೆ ಉಜ್ಜಿಸಿ ಉಜ್ಜಿಸಿ, ಒಂದು ಕಬ್ಬಿನ ರಸದ ಗಾಡಿಗೆ ಒಂದು ಗೇಣು ಇರುವಾಗ ನಿಲ್ಲಿಸಿದರು. ರಸದವನು ಎರಡು ಗ್ಲಾಸು ತಂದು ಕೊಟ್ಟ. ಇಬ್ಬರೂ ಒಂದೇ ಗುಟುಕಿಗೆ ಮುಗಿಸಿದೆವು.

ಮಾವ ಇಳಿದು ದೋಣಿಯ ಹಲಗೆಯನ್ನು ಮುಟ್ಟಿ ನೋಡಿ ಹಣೆ ಚಚ್ಚಿಕೊಂಡರು. ಮಳೆಗಾಲದಲ್ಲಿ ನಾವು ನೋಡಿದ್ದು ಒಣಗಿದ ದೋಣಿ. ಈಗ ಅದು ಮೂರು ತಿಂಗಳು ಕಡಲಲ್ಲಿದ್ದು ನೀರು ಕುಡಿದು ಬಂದಿತ್ತು! ಮೀನುಗಾರನ ಮಗನಿಗೆ ಇದು ಮರೆತುಹೋದದ್ದು ಹೇಗೆ? "ಹದಿನೆಂಟು ವರ್ಷ ತರಕಾರಿ ಹೊತ್ತೆ. ತರಕಾರಿ ಇಟ್ಟಷ್ಟು ದಿನ ಹಗುರ ಆಗ್ತದೆ ಮಾರಾಯ" ಎಂದರು ಮಾವ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ನಗಬೇಕೆಂದಿದ್ದವನು ನಗಲಿಲ್ಲ.

ಅಲ್ಲಿಂದ ಚೆಂಬೂರಿನವರೆಗೆ, ಕೂಲಿಗೆ ಹಿಡಿದ ಹಮಾಲರು ಟ್ರೇಲರ್ ಮುಂದೆ ಓಡದಂತೆ ಹಿಂದಿನಿಂದ ಹಗ್ಗ ಹಿಡಿದು ಜಗ್ಗುತ್ತ ಬಂದರು. ನಡೆಯುವವರು ನಮ್ಮನ್ನು ದಾಟಿ ಹೋಗುತ್ತಿದ್ದರು.

ದೋಣಿ ಚಾಳಿನ ಅಂಗಳಕ್ಕೆ ಬಂತು. ಚಿಕ್ಕಮಾವ ಕೆಳಗೆ ಇಳಿಯಲಿಲ್ಲ. ಗೋಡೆಯ ಕಡೆ ತಿರುಗಿಸಿದ ಮುಖ ಹಾಗೇ ಇತ್ತು. ಒಂದು ದಿನ, ಎರಡು ದಿನ, ಹದಿನೈದು ದಿನ. ಚಾಳಿನವರು ದೋಣಿಯ ಮೇಲೆ ಸೀರೆ ಒಣಹಾಕಿದರು, ಬೆಕ್ಕೊಂದು ಒಳಗೆ ಮರಿ ಹಾಕಿತು. ನಾಲ್ಕು ವರ್ಷ ಹುಡುಕಿ ತಂದದ್ದು ಬೆಕ್ಕಿನ ಬಾಣಂತನಕ್ಕೆ! ಅತ್ತೆ ಕೂಡ ತಮಾಷೆ ಮಾಡುವುದನ್ನು ಬಿಟ್ಟರು. ಮಾವ ಸಂಜೆ ಬಂದು ದೋಣಿಗೆ ಒರಗಿ ಬೀಡಿ ಸೇದುತ್ತ ಮೇಲಿನ ಕಿಟಕಿಯನ್ನೇ ನೋಡುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಒಂದು ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ನಿಂತು ಬಕೆಟ್ ತುಂಬಿಸಿಕೊಂಡಿದ್ದೆ. ಚಿಕ್ಕಮಾವ ಮೆಟ್ಟಿಲಿಳಿದು ಬಂದರು. ದೋಣಿಯ ಹಲಗೆಗಳ ನಡುವೆ ಬೆರಳಾಡಿಸಿದರು. ಬೆಕ್ಕಿನ ಮರಿಗಳನ್ನು ಎತ್ತಿ ಕೆಳಗಿಟ್ಟರು. ಆಮೇಲೆ ನನ್ನ ತುಂಬಿದ ಬಕೆಟ್ ಎತ್ತಿ ದೋಣಿಗೆ ಸುರಿದರು. "ಒಣಗ್ತಾ ಉಂಟು" ಎಂದರು.

ಎರಡು ಶಬ್ದ! ಹೊಸ ಎರಡು ಶಬ್ದ! ಅತ್ತೆ ಮೇಲಿನಿಂದ ಕೇಳಿಸಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡರು.

ಅಂದಿನಿಂದ ದಿನವೂ ನೀರು. ಕುಡಿಯುವ ನೀರಿಗೇ ಜಗಳವಾಡುವ ಚಾಳಿನಲ್ಲಿ ಮರದ ದೋಣಿಗೆ ನೀರು! "ಕಾಯ್, ಝಾಡ್ ಹಾಯ್ ಕಾಯ್ ತೇ?" ಅದೇನು ಗಿಡವೇ ಎಂದು ಪಕ್ಕದ ಮನೆಯಾಕೆ ಕೂಗಾಡಿದಳು. ಅತ್ತೆ ತಮ್ಮ ಸರದಿಯ ನೀರು ಕೊಟ್ಟರು; ನಾವು ಮೂವರೂ ಒಂದೊಂದು ಚೊಂಬಿನಲ್ಲಿ ಸ್ನಾನ ಮುಗಿಸುವುದನ್ನು ಕಲಿತೆವು. ಆದರೆ ನಲ್ಲಿ ನೀರು ಸಾಲಲಿಲ್ಲ. ಬಿಸಿಲು ಏರಿದಂತೆ ಹಲಗೆಗಳ ಸಂದು ಬಿಡುತ್ತಾ ಬಂತು. ಒಂದು ರಾತ್ರಿ ಊಟಕ್ಕೆ ಕೂತಾಗ ಚಿಕ್ಕಮಾವ ಹೇಳಿದರು: "ಇಲ್ಲಿದ್ರೆ ಇದು ಸಾಯ್ತದೆ ಅಣ್ಣ. ಕಡಲಿಗೆ ಬಿಡ್ಬೇಕು." ಮಾವನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಭಾನುವಾರ ಹತ್ತಿರದ ಟ್ರಾಂಬೆಯ ಕಡಲಿಗೆ ಹೊರಟೆವು. ಒಣಗಿದ ದೋಣಿ ಈಗ ನಿಜವಾಗಿಯೂ ಎಂಟು ಜನರದ್ದು; ಪಿಕಪ್ ಹಿಂದೆ ಸುಮ್ಮನೆ ಬಂತು. ಆಕಾಶ ಬೂದಿ ಬಣ್ಣ, ಕಾರ್ಖಾನೆಯ ಹೊಗೆ, ಕೆಸರಿನ ದಡ. ದಡದಲ್ಲಿದ್ದ ಮೀನುಗಾರರು ಕೈಕೊಟ್ಟು ದೋಣಿ ಇಳಿಸಿದರು. ಚಿಕ್ಕಮಾವ ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದಿದ್ದರು. ಕಡಲ ನೀರು ಭರತದಲ್ಲಿ ಏರುವ ಹೊತ್ತಿಗೆ ನನ್ನ ಕೈ ಬಿಟ್ಟರು. ದೋಣಿಯ ಜತೆಗೇ ನೀರಿಗೆ ಇಳಿದರು, ಮೊಣಕಾಲು, ಆಮೇಲೆ ಸೊಂಟ. ಸಂದುಗಳಿಂದ ಒಳಗೆ ನೀರು ಬರುತ್ತಿತ್ತು. ಅವರು ತೆಂಗಿನ ಗೆರಟೆಯಿಂದ ಎತ್ತಿ ಎತ್ತಿ ಹೊರಗೆ ಹಾಕುತ್ತ ಹಲಗೆಗಳು ಉಬ್ಬಿ ಕೂಡುವುದನ್ನು ಕಾದರು. ಎರಡು ಗಂಟೆಯಾದ ಮೇಲೆ ಒಳಗೆ ನೀರು ಬರುವುದು ನಿಂತಿತು. "ಬಾ ಅಣ್ಣ" ಎಂದು ಕರೆದರು.

ಮಾವ ದಡದಲ್ಲೇ ನಿಂತಿದ್ದರು. ನೋಟ್‌ಬುಕ್ ತೆಗೆದರು. "ಇವತ್ತು ಬೇಡ. ಹುಟ್ಟು ನೋಡ್ಬೇಕು. ಅಡಿ ಇನ್ನೊಮ್ಮೆ ನೋಡ್ಬೇಕು. ಗಾಳಿ..." ಹಾಳೆ ಮಗುಚುತ್ತಲೇ ಇದ್ದರು. ನಾನು ತಮಾಷೆಗೆ, "ಇನ್ನು ನಾಲ್ಕು ವರ್ಷ ಬೇಕಾ ಮಾವ?" ಎಂದುಬಿಟ್ಟೆ.

ಮಾವ ನನ್ನ ಕಡೆ ತಿರುಗಿದರು. "ಊರಲ್ಲಿ ಮಗುಚಿದ ಆ ದೋಣಿ ಉಂಟಲ್ಲ, ಇವನಿಗೆ ಅದನ್ನು ನಾನೇ ನೋಡಿ ತೆಗೆದುಕೊಟ್ಟದ್ದು ಮಾರಾಯ. ಊರಿಗೆ ಹೋದವ ಬಸ್ಸಿಳಿದು, ಊಟಕ್ಕೆ ಮೊದಲು, ಅರ್ಧ ಗಂಟೆಯಲ್ಲಿ. ಅಡಿ ಬಗ್ಗಿ ಕೂಡ ನೋಡ್ಲಿಲ್ಲ." ಐದು ವರ್ಷ ಯಾರಿಗೂ, ಅತ್ತೆಗೂ ಹೇಳದೆ ಇಟ್ಟುಕೊಂಡಿದ್ದ ಮಾತು. ಅವರ ಟೇಪು, ನೋಟ್‌ಬುಕ್, ಟ್ರೇಲರಿನ ಮೇಲಿನ ಎಂಟು ಜನ, ನಾನು ಆಫೀಸಿನಲ್ಲಿ ಹೇಳಿ ನಗಿಸಿದ್ದೆಲ್ಲ ನೆನಪಿಗೆ ಬಂತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಚಿಕ್ಕಮಾವ ನೀರಿನಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಂದು ಕೈ ದೋಣಿಯ ಮೇಲಿತ್ತು.

"ಆ ದೋಣಿ ಒಳ್ಳೇದೇ ಇತ್ತು ಅಣ್ಣ" ಎಂದರು. "ಗಾಳಿ ಸರಿ ಇರ್ಲಿಲ್ಲ."

ಮಾವ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. ಪ್ಯಾಂಟು ಮಡಚಲಿಲ್ಲ, ಚಪ್ಪಲಿ ಕಳಚಲಿಲ್ಲ. ನೀರಿಗೆ ಇಳಿದು, ಹುಟ್ಟನ್ನಾಗಲಿ ಅಡಿಯನ್ನಾಗಲಿ ನೋಡದೆ, ತಮ್ಮನ ಭುಜ ಹಿಡಿದು ದೋಣಿ ಹತ್ತಿದರು.